ಹರಕೆ ಇಲ್ಲದವರ ಗುಡ್ಡ

ಯಾದಗಿರಿ ಕೋಟೆಯ ಬುಡದ ಓಣಿಯಲ್ಲಿ ನಸುಕಿಗೇ ಒಬ್ಬನೇ ನಿಂತು ಬೂಟಿನ ದಾರ ಬಿಗಿಯುವವನನ್ನು ಕಂಡರೆ, ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ: ‘ಏನ್ ಹರಕಿ ಐತ್ರಿ?’ ಹರಕೆ ಇಲ್ಲ ಎಂದರೆ ಎರಡನೆಯ ಪ್ರಶ್ನೆ: ‘ಮನ್ಯಾಗ ಜಗಳ ಆಗ್ಯದೇನು?’ ಎರಡೂ ಅಲ್ಲ, ಸುಮ್ಮನೆ ಹತ್ತಲಿಕ್ಕೆ ಬಂದೆ ಎಂದವನನ್ನು ಅವರು ಒಂದು ಗಳಿಗೆ ದಿಟ್ಟಿಸಿ ನೋಡುತ್ತಾರೆ. ಯಾದಗಿರಿಯ ಈ ಸಗರನಾಡಿನಲ್ಲಿ ಗುಡ್ಡ ಹತ್ತಲು ಕಾರಣ ಬೇಕು. ದೇವರು ಇರಬೇಕು, ಇಲ್ಲವೇ ಕುರಿ, ಕಟ್ಟಿಗೆ, ಸುಗ್ಗಿಯ ಮುಂಚಿನ ಸೀತಾಫಲ. ‘ಚಾರಣ’ ಎಂಬ ಮಾತು ಇಲ್ಲಿ ಪತ್ರಿಕೆಗಳಲ್ಲಿ ಮಾತ್ರ ಓಡಾಡುತ್ತದೆ.

ಹತ್ತುವುದಿದ್ದರೆ ಎಲ್ಲರೂ ಕೂಡಿ ಹತ್ತುತ್ತಾರೆ. ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮಕರ ಸಂಕ್ರಾಂತಿಗೆ ಸೇರುವ ಮೈಲಾರಲಿಂಗನ ಜಾತ್ರೆಯನ್ನು ನೋಡಿದವರಿಗೆ ಇದು ಗೊತ್ತು. ಭಂಡಾರ ಎರಚಿ ಬಂಡೆಗಳೇ ಹಳದಿಯಾಗಿರುತ್ತವೆ, ‘ಏಳು ಕೋಟಿ’ಯ ಕೂಗು ಗುಡ್ಡದಿಂದ ಗುಡ್ಡಕ್ಕೆ ಬಡಿಯುತ್ತದೆ, ಕಬ್ಬಿಣದ ಸರಪಳಿ ಹರಿಯುವುದನ್ನು ನೋಡಲು ಜನ ಒಬ್ಬರ ಹೆಗಲ ಮೇಲೊಬ್ಬರು. ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಪದ್ಧತಿಯನ್ನು ಜಿಲ್ಲಾಡಳಿತ ನಿಷೇಧಿಸಿದೆ. ಜನಜಂಗುಳಿಗೆ ಮಾತ್ರ ಯಾವ ಆದೇಶವೂ ತಟ್ಟಿಲ್ಲ.

ಅದೇ ಮೈಲಾಪುರಕ್ಕೆ ಜಾತ್ರೆ ಮುಗಿದ ಮೂರನೆಯ ವಾರ ಹೋದರೆ ಬಂಡೆಗಳ ಸಂದಿಯಲ್ಲಿ ಗಾಳಿ ಸುಳಿಯುವ ಸದ್ದು ಬಿಟ್ಟು ಬೇರೇನೂ ಇರುವುದಿಲ್ಲ. ವಾರಕ್ಕೆ ಆರು ದಿನ ಕಚೇರಿ, ಏಳನೆಯ ದಿನ ಸಂತೆ, ಸಂಬಂಧಿಕರ ಮನೆಯ ಕಾರ್ಯ, ಮಕ್ಕಳ ಹೋಂವರ್ಕ್ ಎಂದು ಕಳೆಯುವ ಕಲಬುರಗಿ, ರಾಯಚೂರಿನ ನೌಕರನೊಬ್ಬ ಒಂದು ದಿನ ಯಾರಿಗೂ ಏನೂ ಆಗದೆ ಇರಬೇಕೆಂದು ಬಯಸಿದರೆ, ಅವನಿಗೆ ಸಹ್ಯಾದ್ರಿಯ ದಾರಿ ದೂರ. ಹೋಗಿ ಬರುವುದಕ್ಕೇ ಎರಡು ರಾತ್ರಿ ಬೇಕು. ಯಾದಗಿರಿಗಾದರೆ ಬೆಳಗಿನ ರೈಲು ಸಾಕು.

ಕಲಬುರಗಿಯಿಂದ ಬೇರೆಯಾಗಿ ರಾಜ್ಯದ 30ನೇ ಜಿಲ್ಲೆಯಾದ ಯಾದಗಿರಿಯ ನೆಲ ದೂರದಿಂದ ನೋಡಿದವರಿಗೆ ಬರೀ ಬಯಲು. ಕಪ್ಪು ಎರೆ ಹೊಲ, ತೊಗರಿ, ಹತ್ತಿ, ಕಾಲುವೆ ಬಂದ ಮೇಲೆ ಭತ್ತ. ಆ ಬಯಲಿನ ನಡುವೆ ಎಲ್ಲಿಂದಲೋ ತಂದು ಸುರಿದಂತೆ ಬೆಣಚುಕಲ್ಲಿನ ಗುಡ್ಡಗಳು. ನಿಜದಲ್ಲಿ ಯಾರೂ ತಂದು ಸುರಿದದ್ದಲ್ಲ. ಸುತ್ತಲಿನ ಮಣ್ಣು ಯುಗಗಳಿಂದ ಕೊಚ್ಚಿಹೋಗಿ ಉಳಿದ ಎಲುಬುಗಳು ಇವು. ಎತ್ತರ ಹೇಳಿಕೊಳ್ಳುವಂಥದ್ದಲ್ಲ. ಆದರೆ ಸುತ್ತ ಬಯಲಿರುವುದರಿಂದ ಚಿಕ್ಕ ಗುಡ್ಡದ ನೆತ್ತಿಗೂ ದೊಡ್ಡ ಆಕಾಶ ಸಿಗುತ್ತದೆ.

ಯಾದಗಿರಿ, ಶಹಾಪುರ, ಸುರಪುರ ಈ ಮೂರರಲ್ಲಿ ಯಾದಗಿರಿ ಕೋಟೆ ಸುಲಭದ್ದು, ಹಾಗಾಗಿ ಅಷ್ಟೇನೂ ಏಕಾಂತದ್ದಲ್ಲ. ಊರಿನ ಬೆನ್ನಿಗೇ ಅಂಟಿದ ಗುಡ್ಡವಾದ್ದರಿಂದ ವಾಕಿಂಗ್‌ನವರು, ಪರೀಕ್ಷೆಗೆ ಓದುವ ಹುಡುಗರು ಇದ್ದೇ ಇರುತ್ತಾರೆ. ಬಾಗಿಲುಗಳನ್ನು ದಾಟಿ, ಪಾಚಿಗಟ್ಟಿದ ಹೊಂಡಗಳನ್ನು ಬಳಸಿ ಮೇಲೆ ಬಂದರೆ ತೋಪುಗಳು ಬಿದ್ದಿವೆ. ಅಲ್ಲಿಂದ ಭೀಮೆಯ ಬಾಗು, ಮುಂಬಯಿ–ಚೆನ್ನೈ ಹಳಿಯ ಮೇಲೆ ಜಾರುವ ಗೂಡ್ಸ್ ಗಾಡಿ ಕಾಣುತ್ತವೆ. ಒಂದೂವರೆ ತಾಸಿನಲ್ಲಿ ಮುಗಿಸಿ ಒಗ್ಗರಣಿ ಮಂಡಕ್ಕಿ ತಿನ್ನಲು ಕೆಳಗಿಳಿಯಬಹುದು. ಇಡೀ ದಿನ ಕಳೆಯಲು ಬಂದವನು ಇಲ್ಲಿ ನಿಲ್ಲಬಾರದು. ಭೀಮೆಯ ಸೇತುವೆ ದಾಟಿ ಪಶ್ಚಿಮಕ್ಕೆ ಹೋಗಬೇಕು.

ಶಹಾಪುರದ ಗುಡ್ಡವನ್ನು ಈಗ ಎಲ್ಲರೂ ಮಲಗಿದ ಬುದ್ಧ ಎಂದೇ ಗುರುತಿಸುತ್ತಾರೆ. ನಾಲ್ಕು ಗುಡ್ಡಗಳ ಅಂಚು ಒಂದಕ್ಕೊಂದು ಕೂಡಿ, ಅಂಗಾತ ಮಲಗಿದವನ ಹಣೆ, ಮೂಗು, ತುಟಿ, ಎದೆ, ಕಾಲು ಮೂಡುತ್ತವೆ. ಕೆತ್ತಿದವರಿಲ್ಲ. ತಮಾಷೆಯೆಂದರೆ ಈ ಬುದ್ಧ ಕಾಣಲು ದೂರ ನಿಲ್ಲಬೇಕು. ಹತ್ತಿರವಾದಷ್ಟೂ ಮೂಗು ಬಂಡೆಯಾಗುತ್ತದೆ, ಎದೆ ಜಾಲಿ ಪೊದೆಯಾಗುತ್ತದೆ. ಹತ್ತಿ ನಿಂತವನಿಗೆ ಬುದ್ಧ ಎಲ್ಲಿದ್ದ ಎಂಬುದೇ ತಿಳಿಯುವುದಿಲ್ಲ. ಸೆಲ್ಫಿಗೆ ಬಂದವರು ರಸ್ತೆಯಂಚಿನಲ್ಲೇ ಉಳಿಯುವುದು ಇದಕ್ಕೇ. ನಡೆಯುವವನಿಗೆ ಅದೇ ಲಾಭ: ಮೇಲೆ ಯಾರೂ ಇರುವುದಿಲ್ಲ. ಭೀಮೆಯ ಆಚೆ ದಂಡೆಯ ಸನ್ನತಿ–ಕನಗನಹಳ್ಳಿಯಲ್ಲಿ ಅಶೋಕನ ಶಾಸನವೂ, ಅವನ ಹೆಸರನ್ನು ಹೊತ್ತ ಶಿಲ್ಪವೂ ಸಿಕ್ಕಿವೆ. ಅಲ್ಲಿ ಸ್ತೂಪ ಕಟ್ಟಿದವರು ಈ ಗುಡ್ಡದ ಸಾಲನ್ನು ನೋಡಿ ಏನೆಂದುಕೊಂಡರೋ, ಬರೆದಿಟ್ಟವರಿಲ್ಲ.

ಶಹಾಪುರದಿಂದ ಸುರಪುರದ ಹೆದ್ದಾರಿ ಹಿಡಿದರೆ ನಾಲ್ಕೈದು ಕಿಲೋಮೀಟರಿನಲ್ಲೇ ವಿಭೂತಿಹಳ್ಳಿ. ಗುಡ್ಡ ಹತ್ತುವ ಹಟ ಇಲ್ಲದವನೂ ಇಲ್ಲಿ ಒಂದು ತಾಸು ಕಳೆಯಬೇಕು. ಬಯಲಿನಲ್ಲಿ ಗುಂಡುಕಲ್ಲುಗಳು ಚೌಕಾಬಾರದ ಮನೆಯಂತೆ ಸಾಲುಸಾಲಾಗಿ ಕುಳಿತಿವೆ. ಉರುಳಿ ಬಂದದ್ದಲ್ಲ, ಮನುಷ್ಯರು ಅಂತರ ನೋಡಿ ಇಟ್ಟದ್ದು, ಬೃಹತ್ ಶಿಲಾಯುಗದ ಕೆಲಸ. ಹುಣಸಗಿ ಕಡೆಯ ಹಣಮಸಾಗರದಲ್ಲಿ ಇಂಥದೇ ವಿನ್ಯಾಸ ಸುಮಾರು 600 ಮೀಟರ್ ಅಗಲಕ್ಕೆ ಹರಡಿದೆ. ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ 1956ರಲ್ಲಿ ಈ ಭಾಗದ ಕಲ್ಲುಸಾಲುಗಳ ಬಗ್ಗೆ ಬರೆದರು. ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಈ ಸಾಲುಗಳಿಗೂ ಸೂರ್ಯ ಹುಟ್ಟುವ, ಮುಳುಗುವ ದಿಕ್ಕುಗಳಿಗೂ ನಂಟು ಹುಡುಕಿದರು. ಗೋರಿಯೋ ಪಂಚಾಂಗವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ವಿಭೂತಿಹಳ್ಳಿಯ ಕಲ್ಲುಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದ್ದರೂ ಇಲ್ಲಿ ಟಿಕೆಟ್ ಕಿಟಕಿಯ ಗದ್ದಲವಿಲ್ಲ. ಕಲ್ಲುಗಳ ನಡುವೆ ಎಮ್ಮೆ ಮೇಯುವುದಕ್ಕೂ ಅಡ್ಡಿಯಿಲ್ಲ.

(ಹೊತ್ತು ಇದ್ದರೆ ಗೋಗಿಗೂ ಒಂದು ಸುತ್ತು ಹಾಕಬಹುದು. ಗೋಳಗುಮ್ಮಟಕ್ಕೆ ಬಸ್ಸು ತುಂಬಿ ಹೋಗುವವರಲ್ಲಿ ಎಷ್ಟು ಮಂದಿಗೆ ಗೊತ್ತೋ, ವಿಜಯಪುರದ ಆದಿಲ್‌ಶಾಹಿ ವಂಶವನ್ನು ಕಟ್ಟಿದ ಯೂಸುಫ್ ಆದಿಲ್ ಶಾಹ ಮಲಗಿರುವುದು ಶಹಾಪುರ ತಾಲ್ಲೂಕಿನ ಈ ಹಳ್ಳಿಯ ದರ್ಗಾದ ಆವರಣದಲ್ಲಿ.)

ಸುರಪುರದ ಮಾತೇ ಬೇರೆ. ಇಲ್ಲಿ ಗುಡ್ಡ ಊರಿನ ಪಕ್ಕದಲ್ಲಿಲ್ಲ, ಊರೇ ಗುಡ್ಡಗಳ ಬಟ್ಟಲೊಳಗೆ ಕುಳಿತಿದೆ. ಓಣಿಗಳು ಏರುತ್ತವೆ, ಇಳಿಯುತ್ತವೆ, ಬಂಡೆಗೆ ಡಿಕ್ಕಿ ಹೊಡೆದು ತಿರುಗುತ್ತವೆ. ಬೇಡರ ನಾಯಕರು ಈ ಜಾಗ ಹಿಡಿದದ್ದು ಅಂದಕ್ಕಲ್ಲ. ಅವರ ಹಳೆಯ ನೆಲೆ ಸಮೀಪದ ವಾಗಣಗೇರಾ ಕೋಟೆಯ ಮೇಲೆ 1705ರಲ್ಲಿ ಔರಂಗಜೇಬನೇ ಖುದ್ದಾಗಿ ದಂಡೆತ್ತಿ ಬಂದ. ಅದು ಅವನ ಕೊನೆಯ ಮುತ್ತಿಗೆ. ತಿಂಗಳುಗಟ್ಟಲೆ ಕಾದು ಕೋಟೆ ಹಿಡಿಯುವ ಹೊತ್ತಿಗೆ ಬೇಡರ ದೊರೆ ಪಿಡ್ಡನಾಯಕ ರಾತ್ರೋರಾತ್ರಿ ಜಾಗ ಖಾಲಿ ಮಾಡಿದ್ದ. 86 ವರ್ಷದ ಬಾದಶಹ ಪಕ್ಕದ ದೇವಾಪುರದಲ್ಲಿ ಬೀಡುಬಿಟ್ಟು ಕಾಯಿಲೆಯಿಂದ ಮಲಗಿದ. ಹೆಬ್ಬಂಡೆಗಳನ್ನು ಬಲ್ಲವನಿಗೂ ಅರಿಯದವನಿಗೂ ಇರುವ ವ್ಯತ್ಯಾಸ ಅದು.

ಒಂಟಿಯಾಗಿ ಈ ಗುಡ್ಡಗಳನ್ನು ಸುತ್ತಿದವರಲ್ಲಿ ಹೆಸರು ಉಳಿದಿರುವುದು ಒಬ್ಬ ಪರದೇಶಿಯದು. ಲಿವರ್‌ಪೂಲಿನಲ್ಲಿ ಹುಟ್ಟಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಹಿಂದೂಸ್ತಾನಕ್ಕೆ ಬಂದು ನಿಜಾಮನ ಸೈನ್ಯ ಸೇರಿದ ಫಿಲಿಪ್ ಮೆಡೋಸ್ ಟೇಲರ್. 1840ರ ದಶಕದ ಆರಂಭದಲ್ಲಿ ಸುರಪುರಕ್ಕೆ ಬಂದಾಗ ಅವನು ಠಕ್ಕರ ಕುರಿತ ಕಾದಂಬರಿಯಿಂದ ಲಂಡನ್ನಿನಲ್ಲಿ ಹೆಸರಾಗಿದ್ದ. ಇಲ್ಲಿ ಅವನ ಕೆಲಸ ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನಡೆಸುವುದು: ಸಾಲ, ಕಂದಾಯ, ಕೆರೆ, ರಸ್ತೆ, ಅರಮನೆಯ ಒಳಜಗಳ, ಕಂದಾಯ ಕಟ್ಟುವವರ ತಕರಾರು, ಕಟ್ಟದವರ ತಕರಾರು. ಹೆಂಡತಿ ತೀರಿಕೊಂಡಳು, ಹೆಣ್ಣುಮಕ್ಕಳು ಕಡಲಾಚೆ. ಗುಡ್ಡದ ಮೇಲೆ ಮನೆ ಕಟ್ಟಿಸಿಕೊಂಡ. ಅದೇ ಇಂದಿನ ಟೇಲರ್ ಮಂಜಿಲ್. ಸರ್ಕಾರಿ ಅತಿಥಿಗೃಹವಾಗಿ ಬಳಕೆಯಲ್ಲಿದ್ದುದರಿಂದ ಬದುಕಿಕೊಂಡಿದೆ.

ಕಚೇರಿಯ ಕಾಗದಗಳಿಂದ ಬಿಡುವು ಸಿಕ್ಕಾಗ ಟೇಲರ್ ಮಾಡುತ್ತಿದ್ದುದು ಕಲ್ಲು ಹುಡುಕುವ ಕೆಲಸ. ರಾಜನಕೊಳ್ಳೂರಿನ ಕಲ್ಮನೆಗಳು, ವಿಭೂತಿಹಳ್ಳಿಯ ಸಾಲುಗಳು, ಜೇವರ್ಗಿಯ ಗೋರಿಗಳು. ಅಳೆದ, ಚಿತ್ರ ಬರೆದ, ಕೆಲವನ್ನು ಅಗೆಸಿದ. ಊರವರು ಮೋರಿಯರ ಮನೆ ಎಂದು ಕರೆದು ಬಳಸಿ ಹೋಗುತ್ತಿದ್ದವನ್ನು ತನ್ನ ದೇಶದ ಪ್ರಾಚೀನ ಗೋರಿಗಳ ಜೊತೆ ಹೋಲಿಸಿ ಐರ್ಲೆಂಡಿನ ವಿದ್ವತ್ ಸಂಸ್ಥೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ. ಇಂದು ಯಾರೋ ರಜೆ ಹಾಕಿ ಗುಡ್ಡ ಹತ್ತುವುದಕ್ಕೂ ಅವನ ಈ ಗೀಳಿಗೂ ಹೆಚ್ಚಿನ ಅಂತರವಿಲ್ಲ. ಅವನಿಗೆ ಕುದುರೆ, ಆಳುಗಳು ಇದ್ದರು ಎಂಬುದನ್ನು ಬಿಟ್ಟರೆ.

ಮಂಜಿಲ್‌ನ ಅಂಗಳದಿಂದ ಕೆಳಗೆ ಊರು, ಅರಮನೆಯ ಕಡೆ ನೋಡುವವನಿಗೆ ಮುಂದಿನ ಕಥೆ ಗೊತ್ತಿದ್ದರೆ ನೋಟ ಹಗುರಾಗಿರುವುದಿಲ್ಲ. 1853ರಲ್ಲಿ ವೆಂಕಟಪ್ಪನಿಗೆ ಆಡಳಿತ ಒಪ್ಪಿಸಿ ಟೇಲರ್ ಹೋದ. ಐದೇ ವರ್ಷಕ್ಕೆ, 1858ರ ಫೆಬ್ರುವರಿಯಲ್ಲಿ, ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ಬ್ರಿಟಿಷ್ ಪಡೆಯ ಕ್ಯಾಪ್ಟನ್ ನ್ಯೂಬೆರಿ ಇಲ್ಲೇ ಸತ್ತ. ಹೈದರಾಬಾದಿನಲ್ಲಿ ಸೆರೆಸಿಕ್ಕ ರಾಜನನ್ನು ಟೇಲರ್ ಸೆರೆಮನೆಯಲ್ಲಿ ಕಂಡ. ಹುಡುಗ ಅವನನ್ನು ಕರೆಯುತ್ತಿದ್ದುದು ‘ಅಪ್ಪ’ ಎಂದು. ಮರಣದಂಡನೆ ಕಡಿತಗೊಂಡು ಚೆಂಗಲ್ಪಟ್ಟಿಗೆ ಸಾಗಿಸುವ ದಾರಿಯಲ್ಲೇ ರಾಜ ಗುಂಡಿಗೆ ಸತ್ತ. ತಾನೇ ಹೊಡೆದುಕೊಂಡದ್ದು ಎಂದು ಟೇಲರ್ ಆತ್ಮಕಥೆಯಲ್ಲಿದೆ; ಸುರಪುರದಲ್ಲಿ ಅದನ್ನು ನಂಬದವರು ಬಹಳ. 24ನೇ ವಯಸ್ಸಿನಲ್ಲಿ ಸಾವು ಎಂದು ಜಾತಕದಲ್ಲಿ ಬರೆದಿತ್ತೆಂದೂ ಟೇಲರ್ ಹೇಳುತ್ತಾನೆ. ಕಾದಂಬರಿಕಾರನ ಮಾತು, ಎಷ್ಟು ಹಿಡಿಯಬೇಕು ಎಷ್ಟು ಬಿಡಬೇಕು ಎಂಬುದು ಓದುವವನಿಗೆ ಬಿಟ್ಟದ್ದು.

ಸುರಪುರದಲ್ಲಿ ಎತ್ತರ ಎಂದರೆ ಗುಡ್ಡ ಮಾತ್ರವಲ್ಲ. ಗೋಕುಲಾಷ್ಟಮಿಯ ಹೊತ್ತಿನ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಜಾರುವ ಕಂಬ ಏರುವ ಸ್ಪರ್ಧೆ ನಡೆಯುತ್ತದೆ. ಮೇಲಿನಿಂದ ನೀರು ಸುರಿಯುತ್ತಿದ್ದರೆ ಕೆಳಗಿನವರು ಹೆಗಲು ಕೊಟ್ಟು ಒಬ್ಬನನ್ನು ಏರಿಸುತ್ತಾರೆ. ಮತ್ತೆ ಅದೇ: ಒಬ್ಬ ಏರಲು ಹತ್ತು ಹೆಗಲು.

ಟೇಲರ್ ನಂತರ ಈ ನೆಲದಲ್ಲಿ ನಡೆದಾಡಿದ ಇನ್ನೊಬ್ಬರ ಹೆಸರನ್ನೂ ಇಲ್ಲಿ ಹೇಳಲೇಬೇಕು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1960ರ ದಶಕದಿಂದ ಹುಣಸಗಿ ಮತ್ತು ಬೈಚಬಾಳ ಕಣಿವೆಗಳನ್ನು ಹೊಲ ಹೊಲ ಎನ್ನುವಂತೆ ಸುತ್ತಿದರು. ಉಳುವಾಗ ಎತ್ತಿ ಬದುವಿಗೆ ಎಸೆದ ಕಲ್ಲುಗಳಲ್ಲಿ ಆದಿಮಾನವರ ಕೈಕೊಡಲಿ ಗುರುತಿಸಿದರು. ಇನ್ನೂರರಷ್ಟು ನೆಲೆಗಳು ಸಿಕ್ಕವು. ಇಸಾಂಪುರದಲ್ಲಿ ಸುಣ್ಣಕಲ್ಲಿನ ಹಾಸು ಒಡೆದು ಕೊಡಲಿ ಮಾಡುತ್ತಿದ್ದ ಜಾಗವನ್ನೇ ಅಗೆದು ತೆಗೆದರು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದೆ ಎಂದು ಲೆಕ್ಕ. ತೊಗರಿ ಹೊಲದ ಬದುವಿನಲ್ಲಿ ಕುಳಿತು ಬುತ್ತಿ ಬಿಚ್ಚುವವನಿಗೆ ಈ ಅಂಕಿ ಗೊತ್ತಿದ್ದರೆ ಸೋಮವಾರದ ಮೀಟಿಂಗು ಸ್ವಲ್ಪ ಸಣ್ಣದಾಗಿ ಕಾಣಬಹುದು.

ಬುತ್ತಿ ಎಂದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಚಾರಣಕ್ಕೆಂದೇ ಕಂಡುಹಿಡಿದ ಊಟ ಎನ್ನಬೇಕು: ಹಳಸುವುದಿಲ್ಲ, ಚೆಲ್ಲುವುದಿಲ್ಲ, ಭಾರವಿಲ್ಲ. ನೀರಿನ ಲೆಕ್ಕ ಮಾತ್ರ ತಪ್ಪಬಾರದು, ಮೂರು ಲೀಟರ್ ಕನಿಷ್ಠ. ಎಳ್ಳ ಅಮಾವಾಸ್ಯೆಯಿಂದ ಶಿವರಾತ್ರಿಯವರೆಗಿನ ದಿನಗಳು ಒಳ್ಳೆಯವು. ಆಮೇಲೆ ಬಿಸಿಲು 40 ಡಿಗ್ರಿ ದಾಟುತ್ತದೆ, ಬಂಡೆ ಕಾದ ಹೆಂಚಾಗುತ್ತದೆ, ನೆರಳಿಗೆ ಜಾಲಿ ಬಿಟ್ಟರೆ ಗತಿಯಿಲ್ಲ. ಬಂಡೆಯ ಸಂದಿಗೆ ಕೈ ಹಾಕುವ ಮೊದಲು ಕೋಲು ಬಡಿಯುವುದು ಕುರುಬರ ಮಕ್ಕಳಿಗೂ ಗೊತ್ತಿರುವ ಪಾಠ. ಒಬ್ಬರೇ ಹೋಗುವವರು ಬುಡದ ಚಹಾದಂಗಡಿಯಲ್ಲಿ ಯಾವ ಕಡೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಇಳಿಯುತ್ತೇನೆ ಎಂದು ಹೇಳಿ ಹೋಗಬೇಕು. ಮೂರೂ ಊರು ಒಂದೇ ದಿನ ಮುಗಿಸುವ ಆಸೆ ಬೇಡ. ಅದು ಇನ್ನೊಂದು ಡ್ಯೂಟಿಯಾಗುತ್ತದೆ.

ಇಷ್ಟೆಲ್ಲ ಬರೆದದ್ದು ಗಂಡಸಿನ ಲೆಕ್ಕದಲ್ಲಿ ಎಂಬುದನ್ನೂ ಒಪ್ಪಿಕೊಳ್ಳಬೇಕು. ಹೆಂಗಸೊಬ್ಬಳು ಒಬ್ಬಳೇ ಬೂಟು ಕಟ್ಟಿ ನಿಂತರೆ ಕಟ್ಟೆಯ ಮೇಲಿನ ಪ್ರಶ್ನೆಗಳು ಎರಡಕ್ಕೆ ನಿಲ್ಲುವುದಿಲ್ಲ. ಆಕೆಗೆ ಮನೆಯಿಂದ ಒಂದು ದಿನದ ಬಿಡುಗಡೆ ಸಿಗುವುದು ಇಂದಿಗೂ ದೇವರ ಹೆಸರಿನಲ್ಲಿ. ಅಮಾವಾಸ್ಯೆಗೆ ತಿಂಥಣಿ ಮೌನೇಶ್ವರನಿಗೆ, ಸೋಮವಾರಕ್ಕೆ ಗುಡ್ಡದ ಗುಡಿಗೆ. ಕಾಯಿ ಒಡೆಸಿದ ಮೇಲೆ ಬಂಡೆಯ ನೆರಳಲ್ಲಿ ಸೆರಗು ಬಿಚ್ಚಿ ಗಾಳಿಗೆ ಕುಳಿತ ಹೆಂಗಸರನ್ನು ನೋಡಿದರೆ, ಹರಕೆ ಎಷ್ಟು, ನೆಪ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಸಂಜೆ ಇಳಿದು ಸುರಪುರದ ಬಸ್ ನಿಲ್ದಾಣಕ್ಕೆ ಬಂದರೆ ಬೆಂಗಳೂರಿನ ರಾತ್ರಿ ಬಸ್ಸಿಗೆ ಗುಳೆ ಹೋಗುವವರು ಸೇರಿರುತ್ತಾರೆ. ಜೋಳದ ಚೀಲ, ಬಕೆಟ್ಟಿನೊಳಗೆ ಪಾತ್ರೆ, ಚಾದರದಲ್ಲಿ ಸುತ್ತಿದ ಹಾಸಿಗೆ, ಅದರ ಮೇಲೆ ನಿದ್ದೆ ಹೋದ ಕೂಸು. ಕಟ್ಟಡದ ಕೆಲಸ ಸಿಕ್ಕರೆ ಯುಗಾದಿಗೆ ವಾಪಸ್ಸು, ಇಲ್ಲದಿದ್ದರೆ ಇನ್ನೂ ತಡ. ಅವರ ನಡುವೆ ಖಾಲಿ ನೀರಿನ ಬಾಟಲಿ, ಸಣ್ಣದೊಂದು ಬ್ಯಾಗು ಹಿಡಿದು ಧೂಳು ಮೆತ್ತಿದ ಬೂಟಿನಲ್ಲಿ ನಿಂತವನನ್ನು ಕಂಡು ಒಬ್ಬ ಅಜ್ಜಿ ಕಾಲು ಮಡಚಿ ಚೀಲದ ಮೇಲೆ ಜಾಗ ಮಾಡಿಕೊಡುತ್ತಾಳೆ. ಎಲ್ಲಿ ಕೆಲಸ ಎಂದು ಕೇಳುತ್ತಾಳೆ. ಯಾದಗಿರಿ ಬಸ್ಸು ಬರುವವರೆಗೆ ಅವನು ಅಲ್ಲೇ ಕುಳಿತಿರುತ್ತಾನೆ.