ಮೊದಲು ಕಾರ್ಡು, ಆಮೇಲೆ ಟಿಕೇಟು

ಬೈಂದೂರು ಕಡೆ ಸ್ವಸಹಾಯ ಸಂಘದ ಸಭೆಗೆ ಹೋದಾಗ ತಾಯಿಯೊಬ್ಬರು ನಮ್ಮಲ್ಲಿ ಕೇಳಿದರು: "ಸಿಸ್ಟರ್, ನಡೂಕೆ ಆಗದ ಮಗನನ್ನ ಬೆಂಗ್ಳೂರಿಗೆ ಕರ್ಕಂಡ್ ಹೋಪುದ್ ಹ್ಯಾಂಗೆ?" ರೈಲಿನಲ್ಲಿ ಅಂಗವಿಕಲರಿಗೆಂದೇ ಸೀಟು ಇರುವುದು ಅವರಿಗೆ ಗೊತ್ತಿರಲಿಲ್ಲ. ಇಂಥವರು ನಮ್ಮ ಮೂರೂ ತಾಲೂಕುಗಳಲ್ಲಿ ಇದ್ದಾರೆ. ಅದಕ್ಕಾಗಿ ಈ ಮಾಹಿತಿ.

1. ಕಾರ್ಡು: ರೈಲ್ವೆಯ ನಮೂನೆಯಲ್ಲಿ ಸರ್ಕಾರಿ ವೈದ್ಯರ ಪ್ರಮಾಣಪತ್ರ ಪಡೆದು, ರೈಲ್ವೆಯ 'ದಿವ್ಯಾಂಗಜನ್' ಗುರುತಿನ ಚೀಟಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ. ಪರಿಶೀಲನೆಗೆ ಸಮಯ ಬೇಕು. ಪ್ರಯಾಣ ನಿಶ್ಚಯವಾಗುವ ಮೊದಲೇ ಮಾಡಿಸಿಡಿ.

2. ಟಿಕೇಟು: 'ಅಂಗವಿಕಲರ ಕೋಟಾ' ಎಂದೇ ಕೇಳಿ. 2023ರ ಆದೇಶದಂತೆ ಮೇಲ್, ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರಿನಲ್ಲಿ 4 ಬರ್ತ್ ಮೀಸಲು. ಸಹಾಯಕರಿಲ್ಲದೆ ಪ್ರಯಾಣಿಸಲಾಗದವರಿಗೆ ಸ್ಲೀಪರಿನಲ್ಲಿ ಶೇ. 75 ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ.

3. ವಂದೇ ಭಾರತ್: ಮಂಗಳೂರು–ಮಡಗಾಂವ್ ನಡುವೆ 2023ರ ಡಿಸೆಂಬರ್ 30ರಂದು ಆರಂಭವಾದ ಈ ವೇಗದ ರೈಲನ್ನು ಉಡುಪಿಯಲ್ಲಿ ಹತ್ತಬಹುದು. ಎರಡು ತುದಿಯ ಬೋಗಿಗಳಲ್ಲಿ ಗಾಲಿಕುರ್ಚಿಗೆ ಜಾಗ, ಅನುಕೂಲದ ಶೌಚಾಲಯ ಇವೆ. ಆದರೆ ರಿಯಾಯಿತಿ ದರ ಇಲ್ಲ.

4. ನಿಲ್ದಾಣ: ಕುಂದಾಪುರ, ಬೈಂದೂರು, ಬಾರ್ಕೂರಿನಲ್ಲಿ ರೈಲು ನಿಲ್ಲುವುದು ಸ್ವಲ್ಪವೇ ಹೊತ್ತು. ಬೇಗ ಹೋಗಿ ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೆಂದು ಕೇಳಿ, ಅಲ್ಲೇ ಕಾಯಿರಿ. ಎತ್ತಿ ಹತ್ತಿಸಲು ಇಬ್ಬರು ಜೊತೆಗಿರಲಿ. ಸ್ಟೇಷನ್ ಮಾಸ್ಟರರಿಗೂ ತಿಳಿಸಿ. ಮಾಹಿತಿಗೆ 139.

ಕೇಳಲು ಸಂಕೋಚ ಬೇಡ. ಅಂಗವಿಕಲರು ಅಡ್ಡಿಯಿಲ್ಲದೆ ಪ್ರಯಾಣಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಇದು ಯಾರೂ ಕೊಡುವ ಭಿಕ್ಷೆಯಲ್ಲ. ನಿಮ್ಮ ನೆರೆಮನೆಯಲ್ಲಿ ಇಂಥವರಿದ್ದರೆ ಈ ಹಾಳೆಯನ್ನು ಓದಿ ಹೇಳಿ.