ಗಡಿಯಾಚೆಯ ಬೀಗರು

ಸುರಪುರ ತಾಲ್ಲೂಕಿನ ಕೆಂಭಾವಿಯು ಶರಣ ಭೋಗಣ್ಣನ ಹೆಸರಿನೊಡನೆ ಸೇರಿ ನಾಡಿಗೆಲ್ಲ ಪರಿಚಿತವಾದ ಊರು. ಅದರ ಪಶ್ಚಿಮಕ್ಕೆ, ಹೆಚ್ಚು ದೂರವಿಲ್ಲದೆ, ಡೋಣಿ ನದಿಯ ದಂಡೆಯ ಮೇಲೆ ತಾಳಿಕೋಟೆ ಇದೆ. ಇಂದು ಒಂದೂರಿನಿಂದ ಇನ್ನೊಂದೂರಿಗೆ ಹೋಗುವವರು ಜಿಲ್ಲೆ ಬದಲಾದುದನ್ನು ಗಮನಿಸುವುದೂ ಅಪರೂಪ. ಆದರೆ ೧೯೪೮ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನಗೊಳ್ಳುವವರೆಗೆ ಇವೆರಡೂ ಬೇರೆ ಬೇರೆ ಸರ್ಕಾರಗಳಿಗೆ ಸೇರಿದ್ದವು. ಕೆಂಭಾವಿಯಲ್ಲಿ ನಿಜಾಮರ ಆಳ್ವಿಕೆ. ತಾಳಿಕೋಟೆಯಲ್ಲಿ ಮುಂಬಯಿ ಪ್ರಾಂತದ ಬ್ರಿಟಿಷ್ ಆಡಳಿತ. ಈ ಕಡೆ ಹಾಲಿ ಸಿಕ್ಕಾ ನಾಣ್ಯ, ಆ ಕಡೆ ಕಲ್ದಾರ್ ರೂಪಾಯಿ. ನಡುವೆ ಸರಕಿನ ಮೇಲೆ ಸುಂಕ ಕೇಳುವ ಕರೋಡಗಿರಿ ಇಲಾಖೆ. ಹೊಲದ ಎರೆಮಣ್ಣಿಗೆ ಮಾತ್ರ ಈ ಭೇದ ತಿಳಿದಿರಲಿಲ್ಲ, ಜನರ ಮಾತಿಗೂ ತಿಳಿದಿರಲಿಲ್ಲ. ಗಡಿಯ ಈಚೆಯವರು ಆಚೆಗೆ ಹೆಣ್ಣು ಕೊಟ್ಟರು, ಆಚೆಯಿಂದ ಸೊಸೆಯನ್ನು ತಂದರು. ಸರ್ಕಾರದ ಕಾಗದದಲ್ಲಿ ನೆರೆರಾಜ್ಯವಾಗಿದ್ದುದು ಮನೆಯವರ ಬಾಯಿಯಲ್ಲಿ ಬೀಗರ ಊರಾಗಿತ್ತು.

ಇಂತಹ ಗಡಿಗಳು ಸಾಮಾನ್ಯ ದಿನಗಳಲ್ಲಿ ಕಣ್ಣಿಗೆ ಬೀಳುವುದಿಲ್ಲ. ಸಾಂಕ್ರಾಮಿಕ ರೋಗವೊಂದು ಹಬ್ಬಿದಾಗ ಅವು ಥಟ್ಟನೆ ಎದ್ದು ನಿಲ್ಲುತ್ತವೆ. ಆಗ ಪಯಣಿಗನನ್ನು ಕೇಳುವ ಪ್ರಶ್ನೆಗಳೂ ಬೇರೆಯಾಗುತ್ತವೆ: ಎಲ್ಲಿಂದ ಬಂದೆ, ಯಾವ ದಿನ ಹೊರಟೆ, ಕೈಯಲ್ಲಿ ಯಾವ ಕಾಗದವಿದೆ?

೧೮೯೬ರಲ್ಲಿ ಮುಂಬಯಿ ನಗರದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಭೀತರಾದ ಜನರು ಸಹಸ್ರಾರು ಸಂಖ್ಯೆಯಲ್ಲಿ ನಗರವನ್ನು ಬಿಟ್ಟರು; ಅವರೊಡನೆ ರೋಗವೂ ಹಳಿಗಳ ಗುಂಟ ಹೊರಟಿತು. ಮರುವರ್ಷದ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಕೆಲವೇ ಕಲಮುಗಳ ಈ ಪುಟ್ಟ ಕಾಯಿದೆಯು ಅಧಿಕಾರಿಗಳಿಗೆ ಕೊಟ್ಟ ಅಧಿಕಾರ ಮಾತ್ರ ಬಹು ದೊಡ್ಡದು. ರೈಲಿನಲ್ಲಿಯಾಗಲಿ ಬೇರೆ ದಾರಿಯಲ್ಲಿಯಾಗಲಿ ಪಯಣಿಸುವವರನ್ನು ತಡೆದು ಪರೀಕ್ಷಿಸಬಹುದು. ರೋಗದ ಶಂಕೆಯಿದ್ದವರನ್ನು ಆಸ್ಪತ್ರೆಯಲ್ಲಿಯೋ ತಾತ್ಕಾಲಿಕ ವಸತಿಯಲ್ಲಿಯೋ ಬೇರೆಯಾಗಿ ಇರಿಸಬಹುದು. ಮದ್ರಾಸ್ ಪ್ರಾಂತದಲ್ಲಿ ಪ್ಲೇಗಿನ ಊರುಗಳಿಂದ ಬಂದವರಿಗೆ ಒಂದು ಬಗೆಯ ರಹದಾರಿ ಚೀಟಿಯನ್ನು ಕೊಡುವ ಪದ್ಧತಿ ಬಂದಿತು. ಅದನ್ನು ಪಡೆದವನು ತಾನು ಸೇರಿದ ಊರಿನಲ್ಲಿ ಹತ್ತು ದಿನಗಳ ಕಾಲ ಅಧಿಕಾರಿಗಳಿಗೆ ಮುಖ ತೋರಿಸಿ ಬರಬೇಕಾಗಿತ್ತು. ಒಂದು ದೇಶದೊಳಗೇ ನಡೆಯುವ ಪಯಣಕ್ಕೂ ಆರೋಗ್ಯದ ಕಾಗದ ಬೇಕೆಂಬ ವಿಚಾರವು ನಮ್ಮ ಕಾಲದಲ್ಲಿ ಹುಟ್ಟಿದುದಲ್ಲ.

ಆ ಹತ್ತು ದಿನಗಳ ಲೆಕ್ಕ ಎಲ್ಲಿಂದ ಬಂದಿತು? ಇದನ್ನು ತಿಳಿದರೆ ಪ್ರಯಾಣದ ನಿಯಮಗಳ ಅರ್ಧ ಗುಟ್ಟು ತಿಳಿದಂತೆಯೇ.

ರೋಗಾಣುವು ದೇಹವನ್ನು ಹೊಕ್ಕ ದಿನವೇ ಮನುಷ್ಯನು ಹಾಸಿಗೆ ಹಿಡಿಯುವುದಿಲ್ಲ. ಹೊಕ್ಕ ದಿನಕ್ಕೂ ಲಕ್ಷಣಗಳು ತೋರುವ ದಿನಕ್ಕೂ ನಡುವೆ ಕೆಲವು ಕಾಲ ಕಳೆಯುತ್ತದೆ. ಇದನ್ನು ಸುಪ್ತಾವಧಿ ಎನ್ನುತ್ತಾರೆ. ಬಿತ್ತಿದ ಬೀಜವು ಮೊಳಕೆಯಾಗಿ ಮಣ್ಣಿನ ಮೇಲೆ ಕಾಣುವವರೆಗಿನ ಅವಧಿಯಂತೆಯೇ ಇದು. ಜೋಳಕ್ಕೆ ಒಂದು ಲೆಕ್ಕ, ತೊಗರಿಗೆ ಇನ್ನೊಂದು. ಹಿಂದಿನವರಿಗೆ ರೋಗಾಣುಗಳ ಅರಿವಿರಲಿಲ್ಲ. ಆದರೂ ಕಾದು ನೋಡಬೇಕೆಂಬ ವಿವೇಕವಿತ್ತು. ಏಡ್ರಿಯಾಟಿಕ್ ಸಮುದ್ರ ತೀರದ ರಗುಸಾ ಎಂಬ ವ್ಯಾಪಾರಿ ನಗರವು ೧೩೭೭ರಲ್ಲಿ ಪ್ಲೇಗಿನ ಸೀಮೆಗಳಿಂದ ಬಂದವರನ್ನು ಮೂವತ್ತು ದಿನ ಊರ ಹೊರಗೆ ನಿಲ್ಲಿಸಿತು. ಮುಂದೆ ಅದು ನಲವತ್ತು ದಿನಗಳಾಯಿತು. ಇಟಲಿಯ ಮಾತಿನಲ್ಲಿ ನಲವತ್ತಕ್ಕಿರುವ ‘ಕ್ವಾರಾಂತಾ’ ಎಂಬ ಪದದಿಂದಲೇ ‘ಕ್ವಾರಂಟೈನ್’ ಹುಟ್ಟಿತು. ರೋಗದ ನಡೆ ತಿಳಿಯದಿದ್ದಾಗ ನಲವತ್ತು ದಿನ. ತಿಳಿಯುತ್ತ ಬಂದಂತೆ ಹತ್ತು ದಿನ. ಜ್ಞಾನವು ಹೆಚ್ಚಿದಷ್ಟೂ ಬಂಧನವು ಕಿರಿದಾದುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಕೋವಿಡ್ ರೋಗದಲ್ಲಿ ಸುಪ್ತಾವಧಿಯು ಮೊದಮೊದಲು ಸರಾಸರಿ ಐದು ದಿನಗಳಷ್ಟಿತ್ತು. ಕೆಲವರಲ್ಲಿ ಅದು ಹದಿನಾಲ್ಕು ದಿನಗಳವರೆಗೂ ಹೋಗಬಹುದೆಂದು ವೈದ್ಯರು ಕಂಡುಕೊಂಡರು. ಹದಿನಾಲ್ಕು ದಿನ ಪ್ರತ್ಯೇಕವಾಗಿರಬೇಕೆಂಬ ನಿಯಮದ ಬೇರು ಇಲ್ಲಿದೆ. ಬಂದವರ ಹಣೆಗೆ ಉಷ್ಣಮಾಪಕ ಹಿಡಿದು ಜ್ವರವಿಲ್ಲವೆಂದು ಒಳಗೆ ಬಿಟ್ಟರೆ ಏಕೆ ಸಾಲದು ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಭಾರತದಲ್ಲಿ ಈ ರೋಗದಿಂದ ಸಂಭವಿಸಿದ ಮೊದಲ ಮರಣವು ದಾಖಲಾದುದು ಕೆಂಭಾವಿಗೆ ಹತ್ತಿರದ ಕಲಬುರಗಿಯಲ್ಲಿ, ೨೦೨೦ರ ಮಾರ್ಚ್ ತಿಂಗಳಿನಲ್ಲಿ. ಸೌದಿ ಅರೇಬಿಯಾದಿಂದ ಹಿಂದಿರುಗಿದ್ದ ಆ ಹಿರಿಯರು ಬಂದಿಳಿದಾಗ ಅವರಲ್ಲಿ ರೋಗದ ಯಾವ ಲಕ್ಷಣವೂ ಇರಲಿಲ್ಲ. ಇರದ ಜ್ವರವನ್ನು ಉಷ್ಣಮಾಪಕವು ಹೇಗೆ ತೋರಿಸೀತು!

ಗಂಟಲು ದ್ರವದ ಪರೀಕ್ಷೆಯು ಇದಕ್ಕಿಂತ ಸೂಕ್ಷ್ಮವಾದುದು. ಆರ್‌ಟಿ-ಪಿಸಿಆರ್ ಎಂಬ ಈ ಪರೀಕ್ಷೆಯು ವೈರಾಣುವಿನ ಆನುವಂಶಿಕ ದ್ರವ್ಯವನ್ನೇ ಹುಡುಕುತ್ತದೆ. ಆದರೆ ಅದಕ್ಕೂ ಒಂದು ಮಿತಿಯುಂಟು. ಸೋಂಕು ತಗುಲಿದ ಮೊದಲ ಒಂದೆರಡು ದಿನ ವೈರಾಣುಗಳ ಸಂಖ್ಯೆ ಅತ್ಯಲ್ಪವಾಗಿರುವುದರಿಂದ ಪರೀಕ್ಷೆಯ ಕಣ್ಣಿಗೂ ಅದು ಬೀಳದೆ ಹೋಗಬಹುದು. ಅಲ್ಲದೆ ದ್ರವವನ್ನು ತೆಗೆದ ಮೇಲೆ ತಗುಲಿದ ಸೋಂಕಿಗೆ ಆ ಕಾಗದವು ಹೊಣೆಯಾಗದು. ಪ್ರಮಾಣಪತ್ರವು ಎಪ್ಪತ್ತೆರಡು ಗಂಟೆಗಳಿಗಿಂತ ಹಳೆಯದಾಗಿರಬಾರದೆಂದು ನಿಯಮ ಮಾಡಿದುದು ಇದಕ್ಕಾಗಿ. ಆ ಗಡುವನ್ನು ಎಣಿಸುವುದು ಎಲ್ಲಿಂದ ಎಂಬುದನ್ನು ಹಲವರು ತಿಳಿಯದೆ ತೊಂದರೆಗೆ ಸಿಲುಕುತ್ತಿದ್ದರು: ದ್ರವ ಕೊಟ್ಟ ಗಳಿಗೆಯಿಂದಲೋ, ಫಲಿತಾಂಶ ಬಂದ ಗಳಿಗೆಯಿಂದಲೋ? ಪರೀಕ್ಷೆಯು ಹೇಳುವುದು ದ್ರವ ಕೊಟ್ಟ ಗಳಿಗೆಯ ಸ್ಥಿತಿಯನ್ನು ಮಾತ್ರ. ಹೀಗಿರುವಾಗ ವರದಿ ಬರಲು ಎರಡು ದಿನ ಹಿಡಿದರೆ ಪಯಣಿಗನಿಗೆ ಉಳಿಯುವುದು ಒಂದೇ ದಿನ.

ಯಾದಗಿರಿ ಜಿಲ್ಲೆಯ ಜನರಿಗೆ ಈ ನಿಯಮಗಳು ಬರಿಯ ಓದಿನ ವಿಷಯವಾಗಿ ಬರಲಿಲ್ಲ. ಇಲ್ಲಿಯ ಬಡ ಕುಟುಂಬಗಳು ಮಳೆ ಕೈಕೊಟ್ಟಾಗ ಗುಳೆ ಹೋಗುವುದು ಹಳೆಯ ರೂಢಿ. ಮುಂಬಯಿಯ, ಪುಣೆಯ ಕಟ್ಟಡಗಳಲ್ಲಿ ಕಲ್ಲು ಮಣ್ಣು ಹೊರುವವರು ಮಗನೂ ಸೊಸೆಯೂ ಆದರೆ, ಊರಿನಲ್ಲಿ ಮೊಮ್ಮಕ್ಕಳನ್ನು ಸಾಕುವವರು ಅಜ್ಜ ಅಜ್ಜಿ. ೨೦೨೦ರ ಮಾರ್ಚ್ ೨೫ರಿಂದ ದೇಶವೆಲ್ಲ ಸ್ತಬ್ಧವಾದಾಗ ಇಂತಹ ಅನೇಕ ಮನೆಗಳು ಎರಡು ರಾಜ್ಯಗಳ ನಡುವೆ ಸೀಳಿಹೋದವು. ಮೇ ತಿಂಗಳ ಮೊದಲ ವಾರದವರೆಗೂ ಯಾದಗಿರಿ ಜಿಲ್ಲೆಯಲ್ಲಿ ಸೋಂಕಿನ ಒಂದು ಪ್ರಕರಣವೂ ದಾಖಲಾಗಿರಲಿಲ್ಲ. ಅನಂತರ ದುಡಿಯಲು ಹೋದವರು ಮರಳತೊಡಗಿದರು. ಜೂನ್ ತಿಂಗಳ ಹೊತ್ತಿಗೆ ಪ್ರಕರಣಗಳು ನೂರಾರಾದವು. ಅವರಲ್ಲಿ ಬಹುಪಾಲು ಮಹಾರಾಷ್ಟ್ರದಿಂದ ಬಂದವರೇ. ಶಾಲೆಗಳೂ ವಸತಿನಿಲಯಗಳೂ ಪ್ರತ್ಯೇಕವಾಸದ ಕೇಂದ್ರಗಳಾದವು. ಸ್ವಂತ ಮನೆಯ ಮಾಳಿಗೆ ಕಾಣುವಷ್ಟು ಸಮೀಪದ ಶಾಲೆಯಲ್ಲಿ ದಿನಗಳನ್ನು ಎಣಿಸುತ್ತ ಕುಳಿತವರ ಸಂಕಟವು ಯಾವ ಅಂಕಿಅಂಶದಲ್ಲಿಯೂ ದಾಖಲಾಗುವಂತಹುದಲ್ಲ. ಊರವರ ಭಯವೂ ಸುಳ್ಳಲ್ಲ. ಆದರೆ ರೋಗವನ್ನು ತಂದವರೆಂದು ಅವರನ್ನು ದೂಷಿಸಿದ ಮಾತುಗಳು ನ್ಯಾಯವಾದುವಲ್ಲ. ನಗರವನ್ನು ಕಟ್ಟಲು ಹೋದವರು ರೋಗವನ್ನು ಬೇಡಿ ತಂದಿರಲಿಲ್ಲ.

ಆ ದಿನಗಳಲ್ಲಿ ನಿಯಮಗಳು ಬದಲಾಗುತ್ತಿದ್ದ ವೇಗವೂ ಜನರನ್ನು ಕಂಗೆಡಿಸಿತು. ಮೇ ೧೮ರಂದು ಕರ್ನಾಟಕ ಸರ್ಕಾರವು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಸಾರಿತು. ವಾರ ಕಳೆಯುವುದರೊಳಗೆ ಬೇರೊಂದು ಕ್ರಮ ಹೊರಬಿದ್ದಿತು: ಸೋಂಕು ಹೆಚ್ಚಾಗಿರುವ ರಾಜ್ಯಗಳಿಂದ ಬಂದವರು ಏಳು ದಿನ ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲಿ, ಮತ್ತೆ ಏಳು ದಿನ ಮನೆಯಲ್ಲಿ ಇರಬೇಕು. ಹೊರಡುವ ಮುನ್ನ ‘ಸೇವಾ ಸಿಂಧು’ ಎಂಬ ಸರ್ಕಾರಿ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕಾಗಿತ್ತು. ಮನೆಯಲ್ಲಿ ಉಳಿಯಬೇಕಾದವರ ಮುಂಗೈ ಮೇಲೆ ಅಳಿಸದ ಶಾಯಿಯ ಮುದ್ರೆ ಬೀಳುತ್ತಿತ್ತು. ಆಗಸ್ಟ್ ೨೨ರಂದು ಕೇಂದ್ರ ಗೃಹ ಇಲಾಖೆಯು ರಾಜ್ಯ ರಾಜ್ಯಗಳ ನಡುವಿನ ಸಂಚಾರಕ್ಕೆ ತಡೆ ಬೇಡವೆಂದು ಬರೆಯಿತು. ಎರಡೇ ದಿನಗಳಲ್ಲಿ ಕರ್ನಾಟಕವು ನೋಂದಣಿ, ಮುದ್ರೆ, ಹದಿನಾಲ್ಕು ದಿನಗಳ ವಾಸ ಎಲ್ಲವನ್ನೂ ಕೈಬಿಟ್ಟಿತು. ಹೀಗಾಗಿ ನೆರೆಯವನು ಹೋದ ವಾರ ಹೇಗೆ ಬಂದನೆಂದು ಕೇಳಿ ತಿಳಿದು ಹೊರಟವನು ಗಡಿಯಲ್ಲಿ ನಿಲ್ಲಬೇಕಾಗಿ ಬಂದರೆ ಆಶ್ಚರ್ಯವಿಲ್ಲ. ಆದೇಶದಲ್ಲಿ ಮೊದಲು ನೋಡಬೇಕಾದುದು ಅದರ ದಿನಾಂಕವನ್ನು. ಆಮೇಲೆ, ಅದು ಯಾವ ಊರಿನಿಂದ ಹೊರಟವರಿಗೆ ಅನ್ವಯಿಸುತ್ತದೆ ಎಂಬುದನ್ನು.

ಜನರು ಸಾಮಾನ್ಯವಾಗಿ ಓದದೆ ಬಿಡುವ ಭಾಗವೊಂದು ಇಂತಹ ಆದೇಶಗಳ ಕೊನೆಯಲ್ಲಿರುತ್ತದೆ. ಅದು ವಿನಾಯಿತಿಯ ಭಾಗ. ಮೇ ತಿಂಗಳ ಆ ಕ್ರಮದಲ್ಲಿಯೇ ಗರ್ಭಿಣಿಯರು, ಹತ್ತು ವರ್ಷದೊಳಗಿನ ಮಕ್ಕಳು, ಎಂಬತ್ತು ದಾಟಿದ ವೃದ್ಧರು, ತೀವ್ರ ರೋಗಿಗಳು ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ತಿಳಿದರೆ ಕೇಂದ್ರಕ್ಕೆ ಹೋಗದೆ ಮನೆಯಲ್ಲಿಯೇ ಉಳಿಯಬಹುದಾಗಿತ್ತು. ಅದೇ ತಿಂಗಳು ವಿದೇಶದಿಂದ ಬರುವವರಿಗಾಗಿ ಕೇಂದ್ರ ಸರ್ಕಾರ ಮಾಡಿದ ನಿಯಮದಲ್ಲಿ ಕುಟುಂಬದಲ್ಲಿ ಸಾವು ಸಂಭವಿಸಿದವರಿಗೂ ವಿನಾಯಿತಿಯಿತ್ತು. ೨೦೨೧ರ ಜುಲೈ ಕೊನೆಯಲ್ಲಿ ಕೇರಳ ಮತ್ತು ಮಹಾರಾಷ್ಟ್ರದಿಂದ ಬರುವವರು ಲಸಿಕೆ ಪಡೆದಿದ್ದರೂ ಪರೀಕ್ಷೆಯ ಪತ್ರ ತರಲೇಬೇಕೆಂದು ಕರ್ನಾಟಕ ಆಜ್ಞಾಪಿಸಿದಾಗಲೂ, ಮನೆಯಲ್ಲಿ ಸಾವಾದವರು ಪತ್ರವಿಲ್ಲದೆ ಬಂದು ಗಡಿಯಲ್ಲಿ ದ್ರವ ಕೊಟ್ಟು ಮುಂದೆ ಸಾಗಬಹುದಿತ್ತು. ತಂದೆಯ ಕೊನೆಯ ಮುಖ ನೋಡಲು ಹೊರಟ ಮಗನಿಗೆ ಎಪ್ಪತ್ತೆರಡು ಗಂಟೆಗಳ ಕಾಗದ ಹೊಂದಿಸುವ ಸಮಯವಿರುವುದಿಲ್ಲವೆಂಬುದನ್ನು ನಿಯಮ ಬರೆದವರು ಆಗ ನೆನೆದಿದ್ದರು.

ಹಾಗೆ ನೆನೆಯದೆ ಹೋದಾಗ ಏನಾಗುವುದೆಂಬುದಕ್ಕೆ ರಾಜ್ಯದ ಇನ್ನೊಂದು ತುದಿಯಲ್ಲಿ ಕಹಿಯಾದ ಉದಾಹರಣೆಯಿದೆ. ಕಾಸರಗೋಡು ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿತು. ಆದರೆ ಅಲ್ಲಿಯ ಕನ್ನಡಿಗರ, ತುಳುವರ ಬಂಧುಬಳಗ ಹಲವರ ಪಾಲಿಗೆ ಗಡಿಯ ಈಚೆಗೇ ಉಳಿಯಿತು. ದೊಡ್ಡ ಕಾಯಿಲೆ ಬಂದರೆ ಅವರು ಹೋಗುತ್ತಿದ್ದುದು ಸುಮಾರು ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ. ೨೦೨೦ರ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನಲ್ಲಿ ಸೋಂಕು ಹೆಚ್ಚಿದಾಗ ಕರ್ನಾಟಕವು ಗಡಿಯನ್ನು ಮುಚ್ಚಿತು. ಕೆಲವು ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ದಕ್ಷಿಣ ಕನ್ನಡದ ಜನರನ್ನು ಕಾಪಾಡಬೇಕೆಂಬ ಉದ್ದೇಶವನ್ನು ಯಾರೂ ತಪ್ಪೆನ್ನಲಾರರು. ಆದರೆ ಮಣ್ಣಿನ ರಾಶಿಗೆ ವಿನಾಯಿತಿಯ ಕಲಮು ಇರುವುದಿಲ್ಲ. ಜ್ವರವಿರುವವನನ್ನೂ ಹೃದಯಾಘಾತವಾದವನನ್ನೂ ಅದು ಒಂದೇ ಸಮನೆ ತಡೆಯುತ್ತದೆ. ಮಂಗಳೂರಿಗೆ ತಲಪಲಾರದೆ ರೋಗಿಗಳು ಸತ್ತರೆಂಬ ದೂರು ಕೇರಳದಿಂದ ಎದ್ದಿತು. ಏಪ್ರಿಲ್ ೧ರಂದು ಕೇರಳ ಉಚ್ಚ ನ್ಯಾಯಾಲಯವು ತಡೆಗಳನ್ನು ತೆರವುಗೊಳಿಸುವಂತೆ ಕೇಂದ್ರ ಸರ್ಕಾರಕ್ಕೆ ಹೇಳಿತು. ಕರ್ನಾಟಕವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಏಪ್ರಿಲ್ ೭ರಂದು, ತುರ್ತು ಚಿಕಿತ್ಸೆಯ ರೋಗಿಗಳನ್ನು ತಲಪಾಡಿಯಲ್ಲಿ ದಾಟಿಸುವ ಕ್ರಮಕ್ಕೆ ಎರಡೂ ರಾಜ್ಯಗಳು ಒಪ್ಪಿವೆಯೆಂದು ತಿಳಿಸಿದ ಮೇಲೆ ಆ ಮೊಕದ್ದಮೆ ಮುಗಿಯಿತು. ಆ ಕ್ರಮವನ್ನು ಗಡಿ ಮುಚ್ಚಿದ ದಿನವೇ ಮಾಡಬಹುದಾಗಿತ್ತು.

ಕೋವಿಡ್‌ಗಾಗಿ ಮಾಡಿದ ಪ್ರಯಾಣದ ನಿಯಮಗಳು ಬಳಿಕ ಒಂದೊಂದಾಗಿ ಕಳಚಿದವು. ವಿದೇಶದಿಂದ ಬರುವವರು ತುಂಬಬೇಕಾಗಿದ್ದ ‘ಏರ್ ಸುವಿಧಾ’ ನಮೂನೆಯೂ ೨೦೨೨ರ ನವೆಂಬರ್‌ನಲ್ಲಿ ರದ್ದಾಯಿತು. ಇದಕ್ಕೆ ಮೊದಲು ಸಿಡುಬಿನ ಲಸಿಕೆಯ ಪತ್ರವೂ ಹೀಗೆಯೇ ಮರೆಯಾಗಿತ್ತು. ೧೯೮೦ರಲ್ಲಿ ಸಿಡುಬು ಲೋಕದಿಂದಲೇ ಅಳಿದಿದೆಯೆಂದು ಸಾರಿದ ಮೇಲೆ ಅದರ ಕಾಗದವನ್ನು ಕೇಳುವ ಅಗತ್ಯವೇ ಉಳಿಯಲಿಲ್ಲ.

ಹಳದಿ ಜ್ವರದ ಪತ್ರ ಮಾತ್ರ ಇಂದಿಗೂ ಉಳಿದಿದೆ. ಆಫ್ರಿಕಾದ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿರುವ ಈ ರೋಗವು ಭಾರತದಲ್ಲಿ ಇಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮ ಮನೆಗಳ ನೀರಿನ ತೊಟ್ಟಿಯಲ್ಲಿಯೇ ಬೆಳೆಯುತ್ತದೆ. ಬೆಂಕಿಯಿಲ್ಲ, ಹುಲ್ಲಿನ ಬಣವೆ ಇದೆ ಎಂಬಂತಹ ಸ್ಥಿತಿ. ಆದುದರಿಂದ ಆ ದೇಶಗಳಿಂದ ಲಸಿಕೆಯ ಪತ್ರವಿಲ್ಲದೆ ಬಂದವರನ್ನು ಭಾರತದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ಆ ರೋಗದ ಸುಪ್ತಾವಧಿ ಆರು ದಿನಗಳನ್ನು ಮೀರುವುದು ವಿರಳ. ಮಗಳ ಬಾಣಂತನಕ್ಕೆಂದು ಉಗಾಂಡಾಕ್ಕೆ ಹೊರಡುವ ತಾಯಿಯೊಬ್ಬಳು ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲಿ ಈ ಲಸಿಕೆಯನ್ನು ಹಾಕಿಸಿಕೊಳ್ಳಬೇಕು. ಒಮ್ಮೆ ಪಡೆದ ಪತ್ರವು ೨೦೧೬ರಿಂದ ಈಚೆಗೆ ಜೀವಮಾನವಿಡೀ ಸಲ್ಲುತ್ತದೆ. ಆದರೆ ದೇಹದಲ್ಲಿ ರಕ್ಷಣೆ ಹುಟ್ಟಲು ಕಾಲ ಬೇಕಾದುದರಿಂದ ಪತ್ರವು ಊರ್ಜಿತವಾಗುವುದು ಲಸಿಕೆ ಹಾಕಿಸಿದ ಹತ್ತು ದಿನಗಳ ಮೇಲೆ. ಹೆರಿಗೆಯ ದಿನದಿಂದ ಹಿಂದಕ್ಕೆ ಎಣಿಸಿ ಆಕೆ ವಿಮಾನದ ಟಿಕೆಟನ್ನು ಗೊತ್ತುಮಾಡಬೇಕಾಗುತ್ತದೆ.