1804ರ ಡಾಲರ್ 1804ರದ್ದಲ್ಲ!

ಅಮೆರಿಕದ ಹಳೆಯ ಬೆಳ್ಳಿ ನಾಣ್ಯಗಳ ಹುಚ್ಚು ನನಗೆ. ಆದರೆ ಕೈಯಲ್ಲಿ ಅಂಥದ್ದು ಒಂದೂ ಇಲ್ಲ. ವಿದ್ಯಾರ್ಥಿ ಜೇಬಿಗೆ ನಿಲುಕುವುದು ಅವುಗಳ ಕಥೆ ಮಾತ್ರ. ಆ ಕಥೆಗಳನ್ನೇ ಕೂಡಿಹಾಕುತ್ತಿದ್ದೇನೆ.

ಅಲ್ಲಿ ಟಂಕಸಾಲೆಯ ಕಾಯ್ದೆ ಬಂದದ್ದು 1792ರಲ್ಲಿ. ಫಿಲಡೆಲ್ಫಿಯಾದಲ್ಲಿ ಮೊದಲ ಬೆಳ್ಳಿ ಡಾಲರ್ ಹೊರಬೀಳಲು ಮತ್ತೆರಡು ವರ್ಷ ಹಿಡಿಯಿತು. ಕಾರಣ ಕೇಳಿದರೆ ಕೆಲಸ ಹುಡುಕುತ್ತಿರುವವರಿಗೆ ನಗು ಬರಬಹುದು. ಟಂಕಸಾಲೆಯ ಮುಖ್ಯ ನೌಕರರ ಸಂಬಳ ವರ್ಷಕ್ಕೆ 1,500 ಡಾಲರ್, ಕೊಡಬೇಕಿದ್ದ ಜಾಮೀನು ಮಾತ್ರ 10,000! ಆ ಮೊತ್ತವನ್ನು ಸಂಸತ್ತು ಇಳಿಸಿದ ಮೇಲೆಯೇ ಬೆಳ್ಳಿಯ ಕೆಲಸ ಶುರುವಾಯಿತು. 1794ರ ಅಕ್ಟೋಬರ್ 15ರಂದು 1,758 ಡಾಲರ್ ಸಿದ್ಧವಾದವು. ಯಂತ್ರ ಚಿಕ್ಕದು, ಒತ್ತಡ ಸಾಲದೆ ಹಲವು ನಾಣ್ಯಗಳ ಎಡಬದಿ ಮಸುಕು. ಅವುಗಳಲ್ಲೊಂದು 2013ರಲ್ಲಿ ಒಂದು ಕೋಟಿ ಡಾಲರ್‌ಗೂ ಹೆಚ್ಚಿಗೆ ಹರಾಜಾಯಿತು.

ಇನ್ನೂ ಸೋಜಿಗದ್ದು 1804ರ ಡಾಲರ್. ಆ ವರ್ಷ ಅಚ್ಚಾದವುಗಳ ಮೇಲೆ ಹಳೆಯ ಇಸವಿಯೇ ಇತ್ತು. 1804 ಎಂದಿರುವವು ತಯಾರಾಗಿದ್ದು ಮೂವತ್ತು ವರ್ಷಗಳ ನಂತರ, ಮಸ್ಕತ್‌ನ ಸುಲ್ತಾನ, ಸಯಾಮ್‌ನ ರಾಜನಂಥವರಿಗೆ ಉಡುಗೊರೆ ಕೊಡಲು. ಆಮೇಲೆ ಟಂಕಸಾಲೆಯಲ್ಲೇ ಗುಟ್ಟಾಗಿ ಇನ್ನು ಕೆಲವನ್ನು ಮಾಡಿದರು. ಎಲ್ಲ ಸೇರಿದರೂ ಇಂದು ಗೊತ್ತಿರುವುದು ಇಪ್ಪತ್ತರೊಳಗೆ.

ಕಳೆದ ತಿಂಗಳು ಹಾಸ್ಟೆಲ್‌ನ ಜೂನಿಯರ್ ಒಬ್ಬ ಓಡೋಡಿ ಬಂದ. ಸಂತೆಯಲ್ಲಿ 1804ರ ಡಾಲರ್ ಬರೀ ಆರು ಸಾವಿರಕ್ಕೆ ಸಿಗುತ್ತಿದೆಯಂತೆ. ‘ಅಣ್ಣಾ, ಪರೀಕ್ಷಾ ಶುಲ್ಕ ಕಟ್ಟೋಕೆ ಇನ್ನೂ ಒಂದು ವಾರ ಇದೆ. ಅಷ್ಟರಲ್ಲಿ ಇದನ್ನ ಮಾರಿಬಿಡ್ತೀನಿ’ ಎಂದ. ಜೊತೆಗೇ ಹೋದೆ.

ಆ ಕಾಲದ ಡಾಲರ್ ಸುಮಾರು 26.96 ಗ್ರಾಂ ತೂಗಬೇಕು. ತೂಕ ಹೆಚ್ಚಿದ್ದ ಬಿಲ್ಲೆಗಳನ್ನು ಅಚ್ಚು ಹಾಕುವ ಮೊದಲು ಅರದಿಂದ ಉಜ್ಜುತ್ತಿದ್ದರು, ಅಷ್ಟು ಕಟ್ಟುನಿಟ್ಟು. ಅಂಚಿನಲ್ಲಿ ಅಕ್ಷರಗಳಿರಬೇಕು. ಇದರ ಅಂಚಿನಲ್ಲಿ ನಮ್ಮ ಹಳೆಯ ರೂಪಾಯಿಯಂತೆ ಗೀರುಗಳಿದ್ದವು. ಪಕ್ಕದ ಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ 19 ಗ್ರಾಂ! ಮಾರುವವನು ಮಾತಾಡದೆ ಬೆಲೆಯನ್ನು ಎರಡು ಸಾವಿರಕ್ಕೆ ಇಳಿಸಿದ. ಜೂನಿಯರ್ ಮತ್ತೂ ಒಂದು ಕ್ಷಣ ಅದನ್ನೇ ನೋಡುತ್ತ ನಿಂತಿದ್ದ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಕೇಳಿದ್ದು ಒಂದೇ: ‘ಸುಲ್ತಾನನ ನಾಣ್ಯ ಏನಾಯ್ತಣ್ಣಾ?’ ಅವನದ್ದೆಂದು ನಂಬಲಾದದ್ದು 1999ರಲ್ಲಿ 41 ಲಕ್ಷ ಡಾಲರ್‌ಗೆ ಹರಾಜಾಯಿತು ಎಂದೆ. ಮರುದಿನ ಬೆಳಿಗ್ಗೆಯೇ ಹೋಗಿ ಶುಲ್ಕ ಕಟ್ಟಿ ಬಂದ.